ಹೆರಾಲ್ಡ್ ಹಿಂಚಕ್ರ ಒಳಗೆ ಮಡಚ್ತೈತೆ: ಆಟೋಕ್ರಾಸ್‌ಗೆ ಸಸ್ಪೆನ್ಷನ್ ಹೆಂಗೆ ಸೆಟ್ ಮಾಡೋದು?

ಕೋಟೆಬಾಗಿಲು_34 (ಬಳ್ಳಾರಿ)
ಗಾಡಿ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು, 1147 ಸಿಸಿ. ಮಳೆಗಾಲ ಮುಗಿದ ಮೇಲೆ ಗರಸು ಮೈದಾನದ ಆಟೋಕ್ರಾಸ್‌ಗೆ (ಮಣ್ಣಿನ ಮೈದಾನದಾಗೆ ಗಡಿಯಾರ ಹಿಡಿದು ಓಡ್ಸೋ ರೇಸು) ಇಳಿಸ್ಬೇಕು. ಇಂಜಿನ್, ಬ್ರೇಕ್ ಕೆಲಸ ಮುಗಿದೈತೆ, ಅದರ ಬಗ್ಗೆ ಕೇಳ್ತಿಲ್ಲ.

ತೊಂದರೆ ಹಿಂದಿನ ಸಸ್ಪೆನ್ಷನ್‌ದು. ಬಿಗಿ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡ್ಲೆ ಹೊರಗಿನ ಹಿಂಚಕ್ರ ಒಳಗೆ ಮಡಚ್ತೈತೆ, ಗಾಡಿ ಹಿಂದೆ ಎದ್ದು ನಿಲ್ತೈತೆ, ಆಮೇಲೆ ಗರ್ರನೆ ತಿರುಗೋದೇ. ಈಗ ಹಿಂದೆ ಕಂಪನಿ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ಜೊತೆ ಹಳೇ ಮಾಲೀಕರು ಹಾಕ್ಸಿದ ಒಂದು ಹೆಚ್ಚಿನ ಪಟ್ಟಿ ಐತೆ. ಮುಂದೆ ಹೊಸ ಶಾಕ್. ಟೈರು 155/80 ಆರ್13, ನಾಲ್ಕಕ್ಕೂ 30 ಪಿಎಸ್‌ಐ. ಹಿಂದೆ ಇನ್ನೂ ಗಟ್ಟಿ ಪಟ್ಟಿ ಹಾಕ್ಸಿದ್ರೆ ನಿಲ್ತೈತಾ? ಖರ್ಚು 40 ಸಾವಿರದ ಒಳಗೆ ಇರ್ಲಿ.

ಗರಸು_ಗಾಡಿ
ನಿಲ್ತೈತೆ. ಅದಿರು ಲಾರಿಗೆ ಪಟ್ಟಿ ಕಟ್ಟೋರ ಹತ್ರ ಹೋಗಿ ಇನ್ನೊಂದು ಪಟ್ಟಿ ಸೇರ್ಸಿ, ಕಮಾನು ಏರ್ಸಿ. ಹಿಂದೆ ಕಲ್ಲಿನಂಗೆ ಗಟ್ಟಿ ಆದ್ರೆ ಮಡಚೋ ಮಾತೇ ಇಲ್ಲ.

ರಾಯಚೂರು_ಪಾನಾ
ಅಣ್ಣಾ, ದಯವಿಟ್ಟು ಹಂಗ ಮಾಡಬ್ಯಾಡ್ರಿ. ಈ ಗಾಡಿಗೆ ಮಾಡಬಾರದ ಕೆಲಸ ಅಂದ್ರ ಅದೇ.

ಹೆರಾಲ್ಡ್‌ದು ಸ್ವಿಂಗ್ ಆಕ್ಸಲ್. ಡಿಫರೆನ್ಷಿಯಲ್ (ಡಿಫ್, ಎರಡೂ ಹಿಂಚಕ್ರಕ್ಕ ಶಕ್ತಿ ಹಂಚೋ ಗೇರ್ ಪೆಟ್ಟಿಗಿ) ಛಾಸಿಗೆ ಕೂತದ, ಅದರ ಎರಡೂ ಕಡಿ ಒಂದೊಂದು ಯುಜಾಯಿಂಟ್ (ಬಾಗೋ ಕೀಲು), ಅಲ್ಲಿಂದ ಹೊರಗ ಹಾಫ್ ಶಾಫ್ಟ್. ಚಕ್ರ ಮ್ಯಾಲ ಕೆಳಗ ಆಡೋದು ಆ ಯುಜಾಯಿಂಟ್ ಸುತ್ತ. ಹಂಗಾಗಿ ಚಕ್ರ ಕೆಳಗ ಇಳಿದಷ್ಟೂ ಪಾಸಿಟಿವ್ ಕ್ಯಾಂಬರ್ (ಚಕ್ರದ ಮ್ಯಾಲಂಚು ಹೊರಗ ವಾಲೋದು), ಮ್ಯಾಲ ಏರಿದಷ್ಟೂ ನೆಗೆಟಿವ್ (ಒಳಗ ವಾಲೋದು). ತಿರುವಿನ್ಯಾಗ ಹೊರಗಿನ ಟೈರಿಗೆ ನೆಲ ಕೊಡೋ ಅಡ್ಡ ಬಲ ಶಾಫ್ಟ್ ಮೂಲಕ ಯುಜಾಯಿಂಟ್‌ಗೆ ಬರ್ತದ. ಯುಜಾಯಿಂಟ್ ನೆಲಕ್ಕಿಂತ ಮ್ಯಾಲ ಇರೋದ್ರಿಂದ ಆ ಬಲ ಗಾಡಿ ಹಿಂಭಾಗಾನ ಮ್ಯಾಲ ಎತ್ತತದ. ಎತ್ತಿದಂಗ ಚಕ್ರ ಇನ್ನೂ ಒಳಗ ಮಡಚತದ, ಮಡಚಿದಂಗ ಇನ್ನೂ ಎತ್ತತದ. ಆಕ್ಸಿಲರೇಟರ್ ಬಿಟ್ಟಾಗ ತೂಕ ಮುಂದ ಹೋಗಿ ಹಿಂದ ಹಗುರ ಆಗೋದ್ರಿಂದ ಅವಾಗೇ ಶುರು ಆಗತದ.

ಈಗ ಹೆಚ್ಚಿನ ಪಟ್ಟಿ ಏನ್ ಮಾಡೇದ ನೋಡ್ರಿ. ಹಿಂದ ಎತ್ತರ ಆತು, ಅಂದ್ರ ನಿಂತಲ್ಲೇ ಕ್ಯಾಂಬರ್ ಪಾಸಿಟಿವ್. ಯುಜಾಯಿಂಟೂ ಎತ್ತರ ಆತು, ಅಂದ್ರ ಎತ್ತೋ ಬಲ ಹೆಚ್ಚು. ಮ್ಯಾಲ ಹಿಂದಿನ ರೋಲ್ ಬಿಗಿತಾನೂ (ಪಕ್ಕಕ್ಕ ವಾಲೋದನ್ನ ತಡಿಯೋ ಬಿಗಿ) ಹೆಚ್ಚು, ಅಂದ್ರ ತಿರುವಿನ್ಯಾಗ ಹೊರಗಿನ ಹಿಂಚಕ್ರದ ಮ್ಯಾಲ ಇನ್ನಷ್ಟು ತೂಕ. ಮೊದಲ ಕೆಲಸ ಆ ಪಟ್ಟಿ ತಗೀರಿ.

ಗರಸು_ಗಾಡಿ
ಅಂಬಾಸಿಡರ್, ಪದ್ಮಿನಿ ಎಲ್ಲಕ್ಕೂ ಹಿಂದೆ ಪಟ್ಟಿ ಸೇರ್ಸಿ ಓಡ್ಸಿಲ್ವಾ?

ರಾಯಚೂರು_ಪಾನಾ
ಅವು ಎರಡೂ ಗಟ್ಟಿ ಆಕ್ಸಲ್ ಗಾಡಿ. ಪಟ್ಟಿ ಎಷ್ಟೇ ಸೇರಿಸ್ರಿ, ಹಿಂಚಕ್ರದ ಕ್ಯಾಂಬರ್ ಬದಲಾಗಂಗಿಲ್ಲ. ಹೋಲಿಕೆನೇ ಬರಂಗಿಲ್ಲ.

ಹಳೇ_ಮೋಟಾರು
ಅದಕ್ಕೇ ಅಲ್ವೇ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯವರು ಹೆರಾಲ್ಡ್ ನಿಲ್ಲಿಸಿ 1972ರಲ್ಲಿ ಗೆಝೆಲ್ ತಂದಾಗ ಹಿಂದೆ ಗಟ್ಟಿ ಆಕ್ಸಲ್ ಕೊಟ್ಟಿದ್ದು. ನಮ್ಮ ರಸ್ತೆ, ನಮ್ಮ ಗ್ಯಾರೇಜು ಎರಡಕ್ಕೂ ಸ್ವಿಂಗ್ ಆಕ್ಸಲ್ ಒಗ್ಗಲಿಲ್ಲ.

ಎಡದಂಡೆ (ಗಂಗಾವತಿ)
ಹೆರಾಲ್ಡ್ ಸ್ಪೋರ್ಟ್ಸ್ ಕಾರ್ ಯಾವಾಗ ಆತ್ರಿ? ಡಾಕ್ಟರ್ ಮಂದಿ ದವಾಖಾನಿಗೆ ಹೋಗೋ ಗಾಡಿ ಅದು 😄

ಹಳೇ_ಮೋಟಾರು
ನಗಬೇಡಿ. ಹೆರಾಲ್ಡ್ ಬಂದಿದ್ದು 1959ರಲ್ಲಿ, ರೂಪ ಕೊಟ್ಟವರು ಇಟಲಿಯ ಮಿಕೆಲೊಟ್ಟಿ. ಇದೇ ಛಾಸಿಯನ್ನು ಆಧಾರ ಮಾಡಿಕೊಂಡು ವೀಲ್‌ಬೇಸ್ 91.5 ಇಂಚಿನಿಂದ 83 ಇಂಚಿಗೆ ಇಳಿಸಿ 1962ರಲ್ಲಿ ಟ್ರಯಂಫ್‌ನವರು ತಂದಿದ್ದೇ ಸ್ಪಿಟ್‌ಫೈರ್. ಅದಂತೂ ಸ್ಪೋರ್ಟ್ಸ್ ಕಾರ್ ತಾನೇ? ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯುವ ಮೇಲೊಂದು ಕೆಳಗೊಂದು ಕವಲು ತೋಳು), ಹಿಂದೆ ಅಡ್ಡ ಕಮಾನ್ ಪಟ್ಟಿ, ರ‍್ಯಾಕ್ ಸ್ಟೀರಿಂಗ್ ಎಲ್ಲಾ ಒಂದೇ ಕುಟುಂಬದ್ದು. ಸ್ಪಿಟ್‌ಫೈರ್‌ಗೆ ಹೇಳುವ ಸಸ್ಪೆನ್ಷನ್ ಪಾಠ ಹೆಚ್ಚುಕಡಿಮೆ ಎಲ್ಲವೂ ಹೆರಾಲ್ಡ್‌ಗೆ ಹೊಂದುತ್ತದೆ. ಇನ್ನು ತಿರುಗುವ ವೃತ್ತ 25 ಅಡಿ. ಆಟೋಕ್ರಾಸ್‌ನ ಬಿಗಿ ತಿರುವಿನಲ್ಲಿ ಇಷ್ಟು ಸಣ್ಣ ಜಾಗದಲ್ಲಿ ತಿರುಗುವ ಇನ್ನೊಂದು ಹಳೇ ಗಾಡಿ ತೋರಿಸಿ ನೋಡೋಣ.

ಕೋಟೆಬಾಗಿಲು_34
ಸರಿ, ಪಟ್ಟಿ ತೆಗೀತೀನಿ. ಆಮೇಲೆ? ಹಿಂದೆ ಎಷ್ಟು ಇಳಿಸ್ಬೇಕು?

ರಾಯಚೂರು_ಪಾನಾ
ಮೊದ್ಲು ಅಳತಿ ತಗೋರಿ. ಯುಜಾಯಿಂಟ್ ನಡುವಿನಿಂದ ಚಕ್ರದ ನಡುವಿಗೆ ಟೇಪ್ ಹಿಡೀರಿ, 47 ಸೆಂ.ಮೀ. ಆಸುಪಾಸು ಬರಬೇಕು. 470 ಮಿ.ಮೀ. ಅಂತ ಹಿಡಿದ್ರ ಚಕ್ರ 8 ಮಿ.ಮೀ. ಏರಿದ್ರ ಕ್ಯಾಂಬರ್ 1 ಡಿಗ್ರಿ ಬದಲಾಗತದ. ಅಂದ್ರ 20 ಮಿ.ಮೀ. ಇಳಿಸಿದ್ರ ಸುಮಾರು 2.4 ಡಿಗ್ರಿ, 25 ಇಳಿಸಿದ್ರ 3 ಡಿಗ್ರಿ.

ಗರಸಿನ ಮ್ಯಾಲ ಹಿಂದ ನಿಂತಲ್ಲಿ ಮೈನಸ್ 2ರಿಂದ ಮೈನಸ್ 2.5 ಸಾಕು, ಡ್ರೈವರ್ ಕೂತಾಗಿನ ಲೆಕ್ಕ ಇದು. ಡಾಂಬರ್ ಆಗಿದ್ರ ಮೈನಸ್ 3ಕ್ಕ ಹೋಗಬಹುದಿತ್ತು.

ಇಳಿಸೋ ದಾರಿ: ಡಿಫ್ ಮ್ಯಾಲ ಕಮಾನ್ ಪಟ್ಟಿ ಕೂರೋ ಜಾಗಕ್ಕ ಒಂದು ಬ್ಲಾಕ್. ಲೀಫ್ ಸ್ಪ್ರಿಂಗ್ ಮ್ಯಾಲ ಎದ್ದಷ್ಟೂ ಚಕ್ರ ಮ್ಯಾಲ ಬರ್ತದ, ಗಾಡಿ ಕೆಳಗ ಕೂಡ್ತದ. ಹೆಚ್ಚಿನ ಪಟ್ಟಿ ತಗದ ಮ್ಯಾಲ ಗಾಡಿ ತಾನಾಗೇ ಎಷ್ಟು ಇಳೀತು ಅಂತ ನೋಡಿ ಆಮ್ಯಾಲ ಬ್ಲಾಕಿನ ದಪ್ಪ ತೀರ್ಮಾನ ಮಾಡ್ರಿ. ಮೊದಲೇ 25ರದ್ದು ಮಾಡ್ಸಿಟ್ಕೋಬ್ಯಾಡ್ರಿ.

ಗಿಣಿಗೇರಾ_ಲೇತ್ (ಕೊಪ್ಪಳ)
ಬ್ಲಾಕ್ ಮಾಡೋದು ದೊಡ್ಡ ಕೆಲಸ ಅಲ್ರಿ. ಎಂಎಸ್ ಪ್ಲೇಟ್ ಸಾಕು, ಆದ್ರ ಎರಡೂ ಮೈ ಸಮಾನಾಂತರ ಇರಬೇಕು, ಸರ್ಫೇಸ್ ಗ್ರೈಂಡಿಂಗ್ ಮಾಡ್ಸ್ರಿ. ಕಮಾನ್ ಪಟ್ಟಿಯ ನಡುವಿನ ಬೋಲ್ಟಿನ ತಲೆ ಡಿಫ್ ಮ್ಯಾಲಿನ ಕುಣಿಯೊಳಗ ಕೂತು ಜಾಗ ಹಿಡೀತೈತಿ. ಬ್ಲಾಕಿಗೂ ಕೆಳಗ ಅಂಥದೇ ಮೊಳೆ, ಮ್ಯಾಲ ಅಂಥದೇ ಕುಣಿ ಬೇಕು. ಅದಿಲ್ಲಂದ್ರ ಪಟ್ಟಿ ಪಕ್ಕಕ್ಕ ಸರೀತೈತಿ, ಎಡ-ಬಲ ಕ್ಯಾಂಬರ್ ಬ್ಯಾರೆ ಬ್ಯಾರೆ ಆಗತೈತಿ.

ಮುಖ್ಯ ಮಾತು ಸ್ಟಡ್. ಬ್ಲಾಕ್ ಎಷ್ಟು ದಪ್ಪೋ ಸ್ಟಡ್ ಅಷ್ಟು ಉದ್ದ ಆಗಬೇಕು. ಹಾರ್ಡ್‌ವೇರ್ ಅಂಗಡಿ ಥ್ರೆಡ್ ರಾಡ್ ಕತ್ತರಿಸಿ ಹಾಕಿದ್ರ ನೆಟ್ಟಗೆ ಇರಂಗಿಲ್ಲ, ಅದು ಮೆತ್ತನ ಲೋಹ. ಕಡಿಮಿ ಅಂದ್ರ 8.8 ಗ್ರೇಡ್ ಹೈಟೆನ್ಸಿಲ್. ಇಂಗ್ಲಿಷ್ ಗಾಡಿ, ಥ್ರೆಡ್ ಯುಎನ್‌ಎಫ್ (ಇಂಚಿನ ಲೆಕ್ಕದ ಸಣ್ಣ ಎಳಿ) ಇರತೈತಿ, ಗೇಜ್ ಇಟ್ಟು ನೋಡ್ರಿ. ಮೆಟ್ರಿಕ್ ಸ್ಟಡ್ ಎರಡು ಸುತ್ತು ಹೋಗಿ ಬಿಗಿ ಆದ್ರ ಅದು ಕೂತಿಲ್ಲ, ಕೇಸಿಂಗ್ ಥ್ರೆಡ್ ತಿನ್ನಾಕತ್ತೈತಿ ಅಂತ ಅರ್ಥ.

ಬಿಸಿಲೂರು
ಬ್ಲಾಕ್ ಹಾಕಿದ ಮೇಲೆ ಇನ್ನೊಂದು ಪರೀಕ್ಷೆ. ಪಟ್ಟಿಯ ತುದಿ ಬಿಚ್ಚಿ, ಜಾಕ್‌ನಿಂದ ಚಕ್ರವನ್ನ ಪೂರ್ತಿ ಮೇಲಕ್ಕೆ ತಳ್ಳಿ ನೋಡಿ. ಶಾಫ್ಟ್ ಛಾಸಿಗೆ ತಾಗುತ್ತಾ, ಟೈರು ಬಾಡಿಗೆ ಉಜ್ಜುತ್ತಾ, ಶಾಕ್ ಒಳಗೇ ತಳ ಮುಟ್ಟುತ್ತಾ. ಮೇಲಕ್ಕೆ ಕನಿಷ್ಠ 50 ಮಿ.ಮೀ. ಆಟ ಉಳಿದಿರಬೇಕು. ಗರಸು ಮೈದಾನದಲ್ಲಿ ಅದಕ್ಕಿಂತ ಕಡಿಮೆ ಆದರೆ ಪ್ರತಿ ಗುಂಡಿಯಲ್ಲೂ ರಬ್ಬರ್ ಸ್ಟಾಪ್ ಮೇಲೆ ಕೂರುತ್ತೆ, ಆಗ ಹಿಡಿತ ಒಮ್ಮೆಲೇ ಹೋಗುತ್ತೆ.

ಗರಸು_ಗಾಡಿ
ಇಳಿಸಿದ್ರೂ ಗುಂಡಿಗೆ ಬಿದ್ದು ಎದ್ದಾಗ ಚಕ್ರ ಕೆಳಗೆ ಜೋತು ಬೀಳೋದು ತಪ್ತೈತಾ? ಅಲ್ಲೇ ಮಡಚ್ತೈತೆ. ಏನ್ ಉಪಯೋಗ ಆಯ್ತು?

ರಾಯಚೂರು_ಪಾನಾ
ಈ ಮಾತಿಗೆ ಬೆಲಿ ಅದ. ನಿಂತಲ್ಲಿ ಮೈನಸ್ 2.5 ಇದ್ದು ಚಕ್ರ 35 ಮಿ.ಮೀ. ಕೆಳಗ ಇಳೀತು ಅಂದ್ರ 4.3 ಡಿಗ್ರಿ ಹೋಗತದ, ಪ್ಲಸ್ 1.8ಕ್ಕ ಬಂದು ನಿಲ್ತದ. ಕಂಪನಿ ಶಾಕ್ ಬಿಡೋ ಇಳಿತ ಇದಕ್ಕಿಂತಾನೂ ಹೆಚ್ಚು. ಹಂಗಾಗಿ ಇಳಿತ ಕಟ್ಟಿ ಹಾಕೋದೇ ಈ ಗಾಡಿ ಸೆಟಪ್ಪಿನ ತಿರುಳು. ಗಟ್ಟಿ ಸ್ಪ್ರಿಂಗ್, ದುಬಾರಿ ಶಾಕ್ ಎಲ್ಲಾ ಆಮ್ಯಾಲ.

ಮೂರು ದಾರಿ ಅವ.

ಒಂದು, ಕ್ಯಾಂಬರ್ ಕಾಂಪೆನ್ಸೇಟರ್. ಡಿಫ್ ಕೆಳಗ ನಡುವ ತಿರುಗೋ ಹಂಗ ಕೂತ ಒಂದು ಅಡ್ಡ ಪಟ್ಟಿ, ಎರಡು ತುದಿ ಎರಡೂ ಚಕ್ರದ ಲಿಂಕಿಗೆ. ಎರಡೂ ಚಕ್ರ ಒಮ್ಮೆಲೇ ಕೆಳಗ ಇಳಿಯಾಕ ಅದು ಬಿಡಂಗಿಲ್ಲ, ಒಂದು ಏರಿ ಒಂದು ಇಳಿದ್ರ ನಡುವ ತಿರುಗಿ ಸುಮ್ನಿರ್ತದ. ಕೆಲಸಕ್ಕ ಭೇಷ್. ಆದ್ರ ಡಿಫ್ ಕೆಳಗ ಜೋತಾಡ್ತದ, ಕಲ್ಲು ಬಡಿದ್ರ ಹೋತು.

ಎರಡು, ಸ್ವಿಂಗ್ ಸ್ಪ್ರಿಂಗ್. 1970ರ ಕೊನೀಗೆ ಬಂದ ಸ್ಪಿಟ್‌ಫೈರ್ ಮಾರ್ಕ್ 4ರಾಗ ಟ್ರಯಂಫ್‌ನವರೇ ಕೊಟ್ಟಿದ್ದು. ಇದರಾಗ ಒಂದೇ ಒಂದು ಪಟ್ಟಿ ಡಿಫ್‌ಗೆ ಬಿಗಿ, ಉಳಿದ ಪಟ್ಟಿ ನಡುವ ತೂಗತಾವ. ಭಾರ ಹೊರೋದು ಮೊದಲಿನಂಗೇ, ರೋಲ್ ಬಿಗಿತ ಮಾತ್ರ ಬಹಳ ಇಳೀತದ, ಎತ್ತೋ ಚಟ ಅರ್ಧಕ್ಕರ್ಧ ಹೋಗತದ. ಅದರ ಜೋಡಿ ಮುಂದಿನ ಆಂಟಿರೋಲ್ ಬಾರ್ (ಗಾಡಿ ವಾಲದಂಗ ತಡಿಯೋ ಅಡ್ಡ ಕಂಬಿ) ದಪ್ಪಂದು ಹಾಕಲೇಬೇಕು, ಇಲ್ಲಂದ್ರ ಗಾಡಿ ದೋಣಿ ಹಂಗ ವಾಲ್ತದ. ಹೊರದೇಶದಿಂದ ತರಿಸ್ಬೇಕು. ಸಾಗಾಣಿ, ಸುಂಕ ಸೇರಿದ್ರ ನಿಮ್ಮ 40 ಸಾವಿರದಾಗ ಉಳಿದದ್ದಕ್ಕ ಜಾಗ ಇರಂಗಿಲ್ಲ. ಡಿಫ್ ಮ್ಯಾಲಿನ ಸ್ಟಡ್ಡೂ ಬದಲಿಸ್ಬೇಕಾಗತದ.

ಮೂರು, ಇಳಿತ ತಡಿಯೋ ಸ್ಟ್ರಾಪ್. ಛಾಸಿಯಿಂದ ಹಿಂದಿನ ವರ್ಟಿಕಲ್ ಲಿಂಕಿಗೆ (ಚಕ್ರ ಹಿಡಿಯೋ ನಿಂತ ತೋಳು) ನೈಲಾನ್ ಪಟ್ಟಿ. ಅಗ್ಗ, ಗರಸಿಗೆ ಸಾಕು. ಮೊದ್ಲು ಇದನ್ನ ಮಾಡ್ರಿ.

ಎಡದಂಡೆ
ಸ್ಟ್ರಾಪ್ ಯಾಕ್ರಿ, ಗಿಡ್ಡ ಶಾಕ್ ಹಾಕಿದ್ರ ಅದೇ ತಡೀತೈತಲ್ಲ?

ಬಿಸಿಲೂರು
ಕಂಪನಿ ಗಾಡಿಯಲ್ಲಿ ಕೆಳಗಿನ ಇಳಿತಕ್ಕೆ ಶಾಕೇ ಕೊನೆ ತಡೆ. ಆದರೆ ಅದಕ್ಕೆ ಪ್ರತಿ ಲ್ಯಾಪಲ್ಲೂ ಹತ್ತಾರು ಸಲ ಎಳೆತ ಕೊಟ್ಟರೆ ರಾಡಿನ ತುದಿಯ ನಟ್, ಒಳಗಿನ ಪಿಸ್ಟನ್ ಕಿತ್ತು ಬರುತ್ತೆ. ಶಾಕ್ ಪೂರ್ತಿ ಎಳೆಯೋದಕ್ಕೆ 8-10 ಮಿ.ಮೀ. ಮೊದಲೇ ಸ್ಟ್ರಾಪ್ ಬಿಗಿಯಾಗಬೇಕು. ಗಿಡ್ಡ ಶಾಕ್ ಹಾಕಿದರೂ ಇದೇ ನಿಯಮ.

ಕೋಟೆಬಾಗಿಲು_34
ಇಳಿತ ಎಷ್ಟು ಬಿಡ್ಬೇಕು?

ರಾಯಚೂರು_ಪಾನಾ
ಲೆಕ್ಕದ ಪ್ರಕಾರ 20 ಮಿ.ಮೀ. ಬಿಟ್ರ ಯಾವಾಗ್ಲೂ ಸೊನ್ನಿ ದಾಟಂಗಿಲ್ಲ. ಆದ್ರ ಮೈದಾನ ಏರುತಗ್ಗು ಇದ್ದು 20 ಮಾತ್ರ ಬಿಟ್ರ ಒಳಗಿನ ಚಕ್ರ ಗಾಳ್ಯಾಗ ತಿರುಗ್ತದ, ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ನ ತಿರುಗದಂಗ ತಡಿಯೋ ಡಿಫ್) ಇಲ್ಲ, ಎಳೆತ ಸತ್ತು ಹೋಗತದ. ಗರಸಿಗೆ 30ರಿಂದ ಶುರು ಮಾಡ್ರಿ. ಸ್ಟ್ರಾಪಿನ ಬ್ರಾಕೆಟ್ಟಿಗೆ 5 ಮಿ.ಮೀ. ಅಂತರದಾಗ ಮೂರು ತೂತು ಇಟ್ರ ಮೈದಾನ ನೋಡಿ ಬದಲಿಸ್ಬಹುದು.

ಗರಸು_ಗಾಡಿ
30 ಅಂದ್ರೂ ಪ್ಲಸ್ ಒಂದೂಕಾಲು ಆಗ್ತೈತೆ.

ರಾಯಚೂರು_ಪಾನಾ
ಆಗತದ. ಪ್ಲಸ್ 1.2. ಈಗ ಎಷ್ಟು ಆಗಾಕತ್ತದ ಅಂತ ಅಳದು ನೋಡ್ರಿ, ಆಮ್ಯಾಲ ಮಾತಾಡೋಣ.

ಗಿಣಿಗೇರಾ_ಲೇತ್
ಮುಂದಿನ ಆಂಟಿರೋಲ್ ಬಾರ್ ಇಲ್ಲೇ ಮಾಡಿಸ್ಬಹುದು. ಹಳೇದು 11/16 ಇಂಚು, ಸ್ವಿಂಗ್ ಸ್ಪ್ರಿಂಗ್ ಸ್ಪಿಟ್‌ಫೈರಿಗೆ ಬಂದಿದ್ದು 7/8. ಆದ್ರ ಸಾದಾ ಇಎನ್8 ಉಕ್ಕಿನ ರಾಡ್ ಬಗ್ಗಿಸಿ ಮಾಡಬ್ಯಾಡ್ರಿ, ಮೆತ್ತಗ ಇರತೈತಿ, ಬಾರ್ ಹಾಕಿದ್ದೇ ಗೊತ್ತಾಗಂಗಿಲ್ಲ.

ರಾಯಚೂರು_ಪಾನಾ
ಅರ್ಧ ಒಪ್ಪತೀನಿ. ಬಾರಿನ ಬಿಗಿತ ಉಕ್ಕಿನ ದರ್ಜಿ ಮ್ಯಾಲ ನಿಂತಿಲ್ಲ, ಎಲ್ಲಾ ಉಕ್ಕಿಗೂ ಆ ಗುಣ ಹೆಚ್ಚುಕಡಿಮಿ ಒಂದೇ. ಬಿಗಿತ ವ್ಯಾಸದ ನಾಲ್ಕನೇ ಘಾತದ ಪ್ರಕಾರ ಏರ್ತದ. 11/16 ರಿಂದ 7/8 ಅಂದ್ರ 2.6 ಪಟ್ಟು, ಇಎನ್8 ಆದ್ರೂ ಅಷ್ಟೇ. ದರ್ಜಿ ಬೇಕಾಗೋದು ಬ್ಯಾರೆ ಕಾರಣಕ್ಕ: ಇಎನ್8 ಬಗ್ಗಿದ್ರ ಬಗ್ಗಿದಂಗೇ ಉಳೀತದ, ಇಎನ್45 ಥರದ ಸ್ಪ್ರಿಂಗ್ ಉಕ್ಕು ಹದ ಮಾಡಿದ್ರ ತಿರುಗಿ ಬರ್ತದ. ಬಗ್ಗಿಸಿದ ಮ್ಯಾಲ ಹದ ಮಾಡಿಸ್ಬೇಕು, ಮೊದಲಲ್ಲ.

ಗಿಣಿಗೇರಾ_ಲೇತ್
ನಾ ಹೇಳಿದ್ದೂ ಅದೇ ಅರ್ಥದಾಗ. ಕೊನೀಗೆ ಇಎನ್8 ಬ್ಯಾಡ ಅಂತ ಇಬ್ಬರೂ ಹೇಳಿದಂಗಾತಲ್ಲ.

ಕೋಟೆಬಾಗಿಲು_34
ಮುಂದಿನ ಕಾಯಿಲ್ ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿದ್ರೆ ಇಳಿಯೋದೂ ಆಗ್ತೈತೆ, ಗಟ್ಟಿನೂ ಆಗ್ತೈತೆ ಅಂತಾರೆ.

ಬಿಸಿಲೂರು
ಗಟ್ಟಿ ಆಗೋದು ನಿಜ, ಎಷ್ಟು ಅನ್ನೋದನ್ನ ಲೆಕ್ಕ ಹಾಕಿ. ಬಿಗಿತ = ಜಿ × ತಂತಿ ದಪ್ಪದ 4ನೇ ಘಾತ ÷ (8 × ಸುರುಳಿ ವ್ಯಾಸದ ಘನ × ಕೆಲಸ ಮಾಡೋ ಸುತ್ತು). ಜಿ ಅಂದರೆ ಲೋಹದ ತಿರುಚು ಬಿಗಿತ, ಉಕ್ಕಿಗೆ ಚದರ ಮಿ.ಮೀ.ಗೆ ಸುಮಾರು 79,000 ನ್ಯೂಟನ್. ಉದಾಹರಣೆಗೆ ತಂತಿ 11 ಮಿ.ಮೀ., ಸುರುಳಿಯ ನಡು ವ್ಯಾಸ 85, ಸುತ್ತು 7 ಅಂದರೆ ಮಿ.ಮೀ.ಗೆ 33.6 ನ್ಯೂಟನ್. ಒಂದು ಸುತ್ತು ಹೋದರೆ 39.2, ಅಂದರೆ ಶೇ. 17 ಹೆಚ್ಚು. ಅದೇ ತಂತಿ 12 ಮಿ.ಮೀ. ಮಾಡಿದರೆ ಶೇ. 40ಕ್ಕೂ ಹೆಚ್ಚು. ನಿಮ್ಮ ಸ್ಪ್ರಿಂಗನ್ನ ಕ್ಯಾಲಿಪರ್ ಹಿಡಿದು ಅಳೆದು ಇದೇ ಸೂತ್ರಕ್ಕೆ ಹಾಕಿ.

ಆದರೆ ಗ್ಯಾಸ್ ಕಟ್ಟರ್ ಇಡಬೇಡಿ. ಸುಟ್ಟ ಕಡೆ ಹದ ಹೋಗುತ್ತೆ, ಅಲ್ಲೇ ಮುರಿಯುತ್ತೆ. ಕಟಿಂಗ್ ವೀಲಲ್ಲಿ ನೀರು ಹಾಕ್ತಾ ಕತ್ತರಿಸಬೇಕು. ಇನ್ನೊಂದು ಸಮಸ್ಯೆ: ಈ ಗಾಡಿಯಲ್ಲಿ ಸ್ಪ್ರಿಂಗ್ ಶಾಕ್ ಮೇಲೇ ಕೂತಿದೆ. ಗಿಡ್ಡ ಆದ ಸ್ಪ್ರಿಂಗ್ ಚಕ್ರ ಜೋತು ಬಿದ್ದಾಗ ತಟ್ಟೆಯಲ್ಲಿ ಸಡಿಲ ಆಗಿ ಓರೆ ಕೂರುತ್ತೆ. ಕತ್ತರಿಸೋ ಮೊದಲು ಶಾಕ್ ಪೂರ್ತಿ ಎಳೆದ ಉದ್ದ ಅಳೆಯಿರಿ.

ಗರಸಿಗೆ ಮುಂದೆ ಕಂಪನಿಗಿಂತ ಶೇ. 20-30 ಗಟ್ಟಿ ಸಾಕು. ಇಳಿಸೋದು 15 ಮಿ.ಮೀ. ಮೀರಬೇಡಿ. ಜಾಸ್ತಿ ಇಳಿಸಿದರೆ ರ‍್ಯಾಕಿನ ಟೈರಾಡ್ ಮತ್ತು ವಿಶ್‌ಬೋನ್ ಕೋನ ಬೇರೆ ಬೇರೆ ಆಗಿ, ಗುಂಡಿ ಬಂದಾಗ ಸ್ಟೀರಿಂಗ್ ತಾನೇ ಎಳೆಯುತ್ತೆ.

ತೋರಣಗಲ್ಲು_ಡಿಪಿ
ಸ್ಪ್ರಿಂಗು, ಬಾರು ಎಲ್ಲಾ ಮಾತಾಡ್ತಾ ಇದ್ದೀರಿ, ಮುಂದಿನ ಟ್ರನಿಯನ್ (ಮುಂಚಕ್ರ ತಿರುಗೋ ಕೆಳಗಿನ ಕೀಲು) ಬಗ್ಗೆ ಒಬ್ಬರೂ ಕೇಳ್ಲಿಲ್ಲ. ಗಾಡಿ ಮೈದಾನಕ್ಕೆ ಇಳಿಸೋಕೆ ಮುಂಚೆ ನೋಡ್ಬೇಕಾದ್ದು ಅದು. ಅಣ್ಣಾ, ಅದಕ್ಕೆ ಏನ್ ಹಾಕ್ತಿದ್ದೀರಿ, ಗ್ರೀಸಾ ಆಯಿಲ್ಲಾ?

ಕೋಟೆಬಾಗಿಲು_34
ಗ್ಯಾರೇಜಿನೋರು ಗ್ರೀಸ್ ಹೊಡೆದವ್ರೆ.

ತೋರಣಗಲ್ಲು_ಡಿಪಿ
ತೆಗೀರಿ. ಅದಕ್ಕೆ ಇಪಿ 90 ಗೇರ್ ಆಯಿಲ್ ಬೇಕು, ಕಂಪನಿ ಪುಸ್ತಕದಾಗೂ ಹಂಗೇ ಐತೆ. ವರ್ಟಿಕಲ್ ಲಿಂಕಿನ ಕೆಳತುದಿ ಉಕ್ಕಿನ ಥ್ರೆಡ್, ಅದು ಹಿತ್ತಾಳೆ ಬಣ್ಣದ ಟ್ರನಿಯನ್ ಒಳಗೆ ತಿರುಗ್ತೈತೆ. ಸ್ಟೀರಿಂಗ್ ತಿರುಗ್ಸಿದಾಗೆಲ್ಲ ಆ ಥ್ರೆಡ್ಡೇ ತಿರುಗೋದು. ಗ್ರೀಸ್ ದಪ್ಪ, ಥ್ರೆಡ್ ಸಂದಿಗೆ ಇಳಿಯಲ್ಲ. ಹಳೇದು ಒಣಗಿ ಮೇಣ ಆಗಿ ನಿಲ್ತೈತೆ, ಒಳಗೆ ನೀರು ಹೋಗಿ ಥ್ರೆಡ್ ತುಕ್ಕು ಹಿಡೀತೈತೆ. ತುಕ್ಕಿನ ಗುಳಿಯಿಂದ ಬಿರುಕು ಶುರು. ಮುರಿಯೋದು ಥ್ರೆಡ್ ಮುಗಿದು ರಾಡ್ ಶುರುವಾಗೋ ಕಡೆ. ಮುರಿದ್ರೆ ಮುಂದಿನ ಚಕ್ರ ಮಡಚಿ ಫೆಂಡರ್ ಕೆಳಗೆ ಹೋಗ್ತೈತೆ.

ಮಾಡೋ ಕ್ರಮ: ಮುಂದೆ ಜಾಕ್ ಹಾಕಿ ಚಕ್ರ ಎತ್ತಿ, ಸ್ಟ್ಯಾಂಡ್ ಮೇಲೆ ಕೂರ್ಸಿ. ಲಿಂಕ್ ಬಿಚ್ಚಿ ಥ್ರೆಡ್ಡನ್ನ ಸೀಮೆಎಣ್ಣೆ ಇಲ್ಲ ಡೀಸೆಲ್‌ನಾಗೆ ತೊಳೀರಿ. ಮರಳು ಕಾಗದ ಹಾಕ್ಬೇಡಿ, ಬಿರುಕಿನ ಬಾಯಿ ಮುಚ್ಚಿ ಹೋಗ್ತೈತೆ. ಆಮೇಲೆ ಡಿಪಿ ಟೆಸ್ಟ್ (ಬಣ್ಣ ಇಳಿಸಿ ಬಿರುಕು ಹುಡುಕೋದು): ಮೂರು ಡಬ್ಬಿ ಸ್ಪ್ರೇ. ಮೊದ್ಲು ಕ್ಲೀನರ್, ಒಣಗಿದ ಮೇಲೆ ಕೆಂಪು ಬಣ್ಣ, 10 ನಿಮಿಷ ಬಿಡಿ, ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿ (ನೇರ ಸ್ಪ್ರೇ ಮಾಡ್ಬೇಡಿ, ಬಿರುಕಿನೊಳಗಿನ ಬಣ್ಣನೂ ತೊಳೆದು ಹೋಗ್ತೈತೆ), ಕೊನೆಗೆ ಬಿಳಿ ಡೆವಲಪರ್. ಬಿರುಕು ಇದ್ರೆ ಬಿಳಿ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಎದ್ದು ಬರ್ತೈತೆ. ನಮ್ಮ ಕಡೆ ವೆಲ್ಡಿಂಗ್, ಫ್ಯಾಬ್ರಿಕೇಷನ್ ಮಾಡೋರ ಹತ್ರ ಈ ಕಿಟ್ ಇದ್ದೇ ಇರ್ತೈತೆ. ಗೆರೆ ಕಂಡ್ರೆ ಲಿಂಕ್ ಗುಜರಿಗೆ, ವೆಲ್ಡ್ ಮಾಡೋ ಮಾತೇ ಇಲ್ಲ.

ಜೋಡಿಸೋವಾಗ ಎಡದ್ದು ಬಲದ್ದು ಕಲಸ್ಬೇಡಿ, ಥ್ರೆಡ್ ದಿಕ್ಕು ಬೇರೆ ಬೇರೆ. ಪೂರ್ತಿ ಒಳಗೆ ತಿರುಗ್ಸಿ, ಒಂದು ಸುತ್ತಿನೊಳಗೆ ಹಿಂದಕ್ಕೆ ಬಿಡಿ, ಇಲ್ಲಾಂದ್ರೆ ಸ್ಟೀರಿಂಗ್ ಕೊನೆಗೆ ಹೋದಾಗ ತಳ ಮುಟ್ತೈತೆ. ಪ್ಲಗ್ ತೆಗೆದು ನಿಪ್ಪಲ್ ಹಾಕಿ, ಖಾಲಿ ಗ್ರೀಸ್ ಗನ್‌ನಾಗೆ ಇಪಿ 90 ತುಂಬಿ, ಮೇಲಿನ ಸೀಲಿಂದ ಆಯಿಲ್ ಜಿನುಗೋ ತನಕ ಹೊಡೀರಿ. ಸ್ಟೀರಿಂಗ್ ಆ ಕಡೆ ಈ ಕಡೆ ಪೂರ್ತಿ ತಿರುಗ್ಸಿ ಇನ್ನೊಮ್ಮೆ ಹೊಡೀರಿ. ನಮ್ಮ ಕೆಂಪು ಧೂಳಿನಾಗೆ ಪ್ರತಿ ಆಟೋಕ್ರಾಸ್ ಆದ ಮೇಲೂ ಇದು ಆಗ್ಬೇಕು.

ಗರಸು_ಗಾಡಿ
ಗನ್‌ನಾಗೆ ಆಯಿಲ್ ತುಂಬಿದ್ರೆ ಸೋರಿ ಅಂಗಿ ಎಲ್ಲಾ ಆಗ್ತೈತೆ.

ತೋರಣಗಲ್ಲು_ಡಿಪಿ
ಆಗ್ತೈತೆ, ಹಳೇ ಅಂಗಿ ಹಾಕ್ಕೊಳ್ಳಿ.

ಎಡದಂಡೆ
ಹಂಗ ಹಿಂದಿನ ಶಾಫ್ಟ್ ಯುಜಾಯಿಂಟೂ ನೋಡಬೇಕಲ್ರಿ?

ರಾಯಚೂರು_ಪಾನಾ
ನೋಡಲೇಬೇಕು. ಬ್ಯಾರೆ ಗಾಡಿಯಾಗ ಯುಜಾಯಿಂಟ್ ತಿರುಗಿಸೋ ಕೆಲಸ ಮಾತ್ರ ಮಾಡ್ತದ. ಇಲ್ಲಿ ತಿರುವಿನ ಅಡ್ಡ ಭಾರಾನೂ ಅದೇ ಹೊರ್ತದ. ನೊಗದ ಸಂದಿಗೆ ಸ್ಕ್ರೂ ಡ್ರೈವರ್ ಇಟ್ಟು ಮೀಟ್ರಿ, ಕಣ್ಣಿಗೆ ಕಾಣೋ ಆಟ ಇದ್ರ ಬದಲಿಸ್ರಿ. ತುಕ್ಕಿನ ಪುಡಿ ಜಿನುಗಿದ್ರ ಸೂಜಿ ಬೇರಿಂಗ್ ಒಣಗೇದ ಅಂತ ತಿಳ್ಕೋರಿ. ಹಿಂದಿನ ಹಬ್ ಟೇಪರ್ ಮ್ಯಾಲ ಕೂತಿರ್ತದ, ಅದಕ್ಕಂತ್ಲೇ ಇರೋ ಪುಲ್ಲರ್ ಬೇಕು. ಸುತ್ತಿಗಿ ತಗೊಂಡ್ರ ಹಬ್ಬಿನ ಅಂಚು ಬಾಗಿ ಚಕ್ರ ಸೊಟ್ಟ ತಿರುಗ್ತದ.

ಕೋಟೆಬಾಗಿಲು_34
ಅಲೈನ್‌ಮೆಂಟ್‌ಗೆ ಕಂಪ್ಯೂಟರ್ ಅಂಗಡಿಗೆ ಹೋದ್ರೆ "ಈ ಗಾಡಿ ನಮ್ಮ ಲಿಸ್ಟ್‌ನಾಗೆ ಇಲ್ಲ" ಅಂತಾರೆ. ಮನೇಲೇ ಆಗ್ತೈತಾ?

ಬಿಸಿಲೂರು
ಗೌಂಡಿಗಳ ಸಾಮಾನು ಸಾಕು. ನೀರಿನ ಲೆವೆಲ್ ಪೈಪ್ ಹಿಡಿದು ನಾಲ್ಕು ಚಕ್ರ ನಿಲ್ಲೋ ಜಾಗದ ಮಟ್ಟ ನೋಡಿ, ತಗ್ಗು ಇರೋ ಕಡೆ ಶಹಾಬಾದ್ ಕಲ್ಲಿನ ತುಂಡು ಇಡಿ. ಮುಂದಿನ ಚಕ್ರದ ಕೆಳಗೆ ನುಣುಪು ಕಡಪ ಕಲ್ಲು, ಅದರ ಮೇಲೆ ನಡುವೆ ಗ್ರೀಸ್ ಹಚ್ಚಿದ ಎರಡು ಪ್ಲಾಸ್ಟಿಕ್ ಹಾಳೆ. ಚಕ್ರ ಸರಾಗವಾಗಿ ಜಾರುತ್ತೆ.

ಕ್ಯಾಂಬರ್: ತೂಗುಗುಂಡಿನ ದಾರವನ್ನ ರಿಮ್ ಮುಂದೆ ಇಳಿಬಿಟ್ಟು, ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ದಾರದಿಂದ ಇರೋ ದೂರ ಅಳೆಯಿರಿ. 340 ಮಿ.ಮೀ. ರಿಮ್ ಅಂಚಿಗೆ 6 ಮಿ.ಮೀ. ವ್ಯತ್ಯಾಸ ಅಂದರೆ 1 ಡಿಗ್ರಿ.

ಒಂದು ಎಚ್ಚರ. ಜಾಕಿಂದ ಇಳಿಸಿದ ತಕ್ಷಣ ಅಳೆಯಬೇಡಿ. ಸ್ವಿಂಗ್ ಆಕ್ಸಲ್ ಗಾಡಿ ಜಾಕಿಂದ ಇಳಿದಾಗ ಹಿಂಚಕ್ರ ಒಳಗೆ ಸೇರಿ ನಿಂತಿರುತ್ತೆ, ಹಿಂಭಾಗ ಎತ್ತರ ಕಾಣುತ್ತೆ. ನಾಲ್ಕೈದು ಮೀಟರ್ ಮುಂದೆ ಹಿಂದೆ ತಳ್ಳಿ, ಹಿಂಭಾಗ ಒತ್ತಿ ಬಿಟ್ಟು, ಡ್ರೈವರ್ ಸೀಟಲ್ಲಿ ನಿಮ್ಮ ತೂಕದಷ್ಟು ಸಿಮೆಂಟೋ ಅಕ್ಕಿಯೋ ಮೂಟೆ ಇಟ್ಟು ಆಮೇಲೆ ಅಳೆಯಿರಿ. ಬುಷ್ ಬೋಲ್ಟುಗಳಿಗೂ ಇದೇ ಮಾತು, ಗಾಡಿ ನಿಂತ ಎತ್ತರದಲ್ಲೇ ಕೊನೆಯ ಬಿಗಿ. ಗಾಳಿಯಲ್ಲಿ ಜೋತು ಬಿದ್ದಾಗ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತೆ.

ಮುಂದೆ ಕಂಪನಿ ಕ್ಯಾಂಬರ್ ಪಾಸಿಟಿವ್ ಇದೆ, ಅದು ಹಳೇ ಸಣ್ಣ ಟೈರಿನ ಕಾಲದ್ದು. ಅದನ್ನ ಮೈನಸ್ 1ಕ್ಕೆ ತನ್ನಿ. ಕೆಳಗಿನ ವಿಶ್‌ಬೋನ್ ಬ್ರಾಕೆಟ್ಟಿಗೂ ಛಾಸಿಗೂ ನಡುವೆ ಶಿಮ್ (ತೆಳು ಲೋಹದ ಬಿಲ್ಲೆ) ಸೇರಿಸಿದರೆ ಚಕ್ರದ ತಳ ಹೊರಗೆ ಹೋಗಿ ಕ್ಯಾಂಬರ್ ನೆಗೆಟಿವ್ ಕಡೆ ಬರುತ್ತೆ. ಮೇಲಿನ ಬಾಲ್ ಜಾಯಿಂಟಿಂದ ಟ್ರನಿಯನ್ ತನಕದ ದೂರ 200 ಮಿ.ಮೀ. ಇದ್ದರೆ 3.5 ಮಿ.ಮೀ. ಶಿಮ್‌ಗೆ 1 ಡಿಗ್ರಿ. ಎರಡೂ ಬ್ರಾಕೆಟ್ಟಿಗೆ ಸಮ ಹಾಕಿ. ಹಿಂದಿನ ಬ್ರಾಕೆಟ್ಟಿಗೆ ಹೆಚ್ಚು ಹಾಕಿದರೆ ಕ್ಯಾಸ್ಟರ್ (ಚಕ್ರ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನ) ಏರುತ್ತೆ. ಕಂಪನಿ ಕ್ಯಾಸ್ಟರ್ 4 ಡಿಗ್ರಿ, ಅದನ್ನ ಕೆಡಿಸಬೇಡಿ. ಶಿಮ್ ಹೆಚ್ಚಾದಾಗ ಬೋಲ್ಟ್ ನಟ್ಟಿಂದ ಎರಡು ಎಳೆಯಾದರೂ ಹೊರಗೆ ಬಂದಿರಬೇಕು.

ಮುಂದಿನ ಟೋ (ಚಕ್ರಗಳ ಮುಂದಂಚು ಒಳಗೆ ಇಲ್ಲ ಹೊರಗೆ ತಿರುಗಿರೋದು) ಸೊನ್ನೆಯಿಂದ 1 ಮಿ.ಮೀ. ಹೊರಗೆ. ಹಿಂದೆ 2 ಮಿ.ಮೀ. ಒಳಗೆ, ಎರಡೂ ಚಕ್ರ ಸೇರಿ. ಹಿಂದಿನ ಟೋ ನಿರ್ಧರಿಸೋದು ರೇಡಿಯಸ್ ಆರ್ಮ್ (ಹಿಂಚಕ್ರದಿಂದ ಮುಂದಕ್ಕೆ ಛಾಸಿಗೆ ಹೋಗೋ ತೋಳು): ಚಕ್ರ ಮುಂದೆ ಸರಿದರೆ ಟೋ ಇನ್, ಹಿಂದೆ ಸರಿದರೆ ಟೋ ಔಟ್. ಹಿಂದೆ ಟೋ ಔಟ್ ಮಾತ್ರ ಆಗಲೇಬಾರದು.

ಗರಸು_ಗಾಡಿ
ಬುಷ್ ಎಲ್ಲಾ ಪಾಲಿಯುರೆಥೇನ್ ಹಾಕ್ಸಿ ಬಿಡಿ, ಹರಿಯೋ ಮಾತೇ ಇಲ್ಲ.

ತೋರಣಗಲ್ಲು_ಡಿಪಿ
ಡಾಂಬರ್ ಆದ್ರೆ ಹೂಂ. ಪಾಲಿ ಬುಷ್ ಒಳಗಿನ ಕೊಳವೆ ಮೇಲೆ ಜಾರಿ ತಿರುಗ್ತೈತೆ, ರಬ್ಬರ್ ತಾನೇ ತಿರುಚ್ಕೊಂತೈತೆ. ಜಾರೋ ಸಂದಿಗೆ ಅದಿರಿನ ಧೂಳು ಹೋದ್ರೆ ಕೊಳವೆನೇ ತೇದು ಹೋಗ್ತೈತೆ. ರೇಡಿಯಸ್ ಆರ್ಮ್ ಒಂದಕ್ಕೆ ಹಾಕಿ, ಉಳಿದವು ಹೊಸ ರಬ್ಬರ್ ಇರ್ಲಿ.

ಎಡದಂಡೆ
ನಾಲ್ಕು ಮೂಲಿ ತೂಕ ವೇಬ್ರಿಡ್ಜ್‌ನಾಗ ನೋಡಬಹುದೇನ್ರಿ?

ಬಿಸಿಲೂರು
ಲಾರಿ ವೇಬ್ರಿಡ್ಜ್ ತೋರಿಸೋದು 10 ಕೆ.ಜಿ., 20 ಕೆ.ಜಿ. ಮೆಟ್ಟಿಲಲ್ಲಿ. ನಮಗೆ ಬೇಕಾದ ವ್ಯತ್ಯಾಸವೇ ಅಷ್ಟು. ಮುಂದೆಷ್ಟು ಹಿಂದೆಷ್ಟು ಅಂತ ನೋಡೋಕೆ ಪರವಾಗಿಲ್ಲ. ನಿಮ್ಮ ಗಂಗಾವತಿ ರೈಸ್ ಮಿಲ್ಲಲ್ಲಿ ಮೂಟೆ ತೂಗೋ ಪ್ಲಾಟ್‌ಫಾರ್ಮ್ ತಕ್ಕಡಿ ಉತ್ತಮ. ಗಾಡಿ 800 ಕೆ.ಜಿ. ಅಂದುಕೊಂಡರೆ ಮೂಲೆಗೆ 200ರ ಹತ್ತಿರ. 300 ಕೆ.ಜಿ. ತಕ್ಕಡಿ ಒಂದಿದ್ದರೂ ಆಗುತ್ತೆ, ಉಳಿದ ಮೂರು ಚಕ್ರದ ಕೆಳಗೆ ಅದೇ ಎತ್ತರದ ಹಲಗೆ ಇಟ್ಟು ಒಂದೊಂದೇ ತೂಗಿ. ಬಲ ಮುಂದು, ಎಡ ಹಿಂದು ಕೂಡಿಸಿದರೆ ಒಟ್ಟು ತೂಕದ ಶೇ. 50ರ ಆಸುಪಾಸು ಬರಬೇಕು. ಬರದಿದ್ದರೆ ಮುಂದಿನ ಒಂದು ಸ್ಪ್ರಿಂಗ್ ಕೆಳಗೆ ಪ್ಯಾಕಿಂಗ್ ಕೊಟ್ಟು ಸರಿ ಮಾಡಿ.

ಹಳೇ_ಮೋಟಾರು
ನಡುವೆ ಒಂದು ಮಾತು. ಕೆಎ 34 ನಂಬರಿನ ಹಳೇ ಆರ್‌ಸಿ ಇದ್ದು, ಮುಂದೆ ವಿಂಟೇಜ್ ನೋಂದಣಿ ಮಾಡಿಸುವ ಯೋಚನೆ ಇದ್ದರೆ ತೆಗೆದ ಭಾಗಗಳನ್ನು ಗುಜರಿಗೆ ಹಾಕಬೇಡಿ. 2021ರ ಜುಲೈನಲ್ಲಿ ಬಂದ ನಿಯಮದಲ್ಲಿ 50 ವರ್ಷ ದಾಟಿದ, ಛಾಸಿ, ಬಾಡಿ, ಇಂಜಿನ್ ಹೆಚ್ಚು ಮಾರ್ಪಾಡಾಗದ ಗಾಡಿಗೇ ಆ ನೋಂದಣಿ. ಹೊಸದಾಗಿ ಮಾಡಿಸಲು 20,000 ರೂ., 10 ವರ್ಷ ಬಾಳಿಕೆ, ನಂಬರಿನಲ್ಲಿ 'ವಿಎ' ಬರುತ್ತದೆ. ಆಮೇಲೆ ದಿನಬಳಕೆಗೆ ರಸ್ತೆಯಲ್ಲಿ ಓಡಿಸುವಂತಿಲ್ಲ. ಛಾಸಿಗೆ ಬೆಸುಗೆ ಹಾಕದೆ, ಬೋಲ್ಟ್ ಬಿಚ್ಚಿದರೆ ಮೊದಲಿನಂತೆ ಆಗುವ ಕೆಲಸ ಮಾತ್ರ ಮಾಡಿ. ಸ್ಟ್ರಾಪಿನ ಬ್ರಾಕೆಟ್ಟೂ ಈಗಿರುವ ತೂತಿಗೇ ಕೂರಲಿ.

ಕೋಟೆಬಾಗಿಲು_34
ಬೆಸುಗೆ ಇಲ್ಲ, ಸರಿ. ಟೈರು ಗಾಳಿ?

ರಾಯಚೂರು_ಪಾನಾ
ನಾಲ್ಕಕ್ಕೂ ಒಂದೇ ಗಾಳಿ ಈ ಗಾಡಿಗಲ್ಲ. ಹಿಂದ ಯಾವಾಗ್ಲೂ 5-6 ಹೆಚ್ಚು. ಮುಂದ 22, ಹಿಂದ 28ರಿಂದ ಶುರು ಮಾಡ್ರಿ. ಟೈರಿನ ಭುಜದ ಮ್ಯಾಲ ಸೀಮೆಸುಣ್ಣದ ಗೀಟು ಎಳೀರಿ, ಒಂದು ಓಟ ಆದ ಮ್ಯಾಲ ಗೀಟು ಎಲ್ಲೀತನಕ ಅಳಿಸೇದ ನೋಡ್ರಿ. ಗೋಡೆ ತನಕ ಅಳಿಸಿದ್ರ ಗಾಳಿ ಕಡಿಮಿ. 20ರ ಕೆಳಗ ಹೋಗಬ್ಯಾಡ್ರಿ, ಗರಸಿನ ಕಲ್ಲಿಗೆ ರಿಮ್ ಬಾಗ್ತದ.

ಬಿಸಿಲಿನ ಲೆಕ್ಕ ಮರೀಬ್ಯಾಡ್ರಿ. 30 ಡಿಗ್ರಿಯಾಗ ತುಂಬಿದ 30 ಪಿಎಸ್‌ಐ, ಟೈರು 60 ಡಿಗ್ರಿ ಆದಾಗ 34 ದಾಟತದ. ಮುಂಜಾನೆ ಮನಿಯಾಗ ತುಂಬಿ ಮಧ್ಯಾಹ್ನ ಓಡ್ಸಿದ್ರ ಎಲ್ಲಾ ತಪ್ಪು. ಮೈದಾನದಾಗೇ, ಓಡೋ ಮುಂಚೆ ನೋಡ್ರಿ.

ಬಿಸಿಲೂರು
ಸೆಟಪ್ ಸರಿ ಇದೆಯಾ ಅಂತ ತಿಳಿಯೋಕೆ ಗಡಿಯಾರ ಬೇಕು. ಸುಣ್ಣದಲ್ಲಿ 15 ಮೀಟರ್ ತ್ರಿಜ್ಯದ ವೃತ್ತ ಹಾಕಿ, ಒಂದು ಸುತ್ತಿನ ಸೆಕೆಂಡ್ ಅಳೆಯಿರಿ. ಹಿಡಿತ = 4.02 × ತ್ರಿಜ್ಯ ÷ ಸೆಕೆಂಡಿನ ವರ್ಗ. 11 ಸೆಕೆಂಡ್ ಅಂದರೆ 0.5 ಜಿ (ಭೂಮಿಯ ಎಳೆತದ ಅರ್ಧ), 10 ಸೆಕೆಂಡ್ ಅಂದರೆ 0.6. ಎಡಕ್ಕೆ ಬಲಕ್ಕೆ ಎರಡೂ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಗಾಳಿಯೂ ಬಾರೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಗೊತ್ತಾಗಲ್ಲ.

ವೃತ್ತದ ಹೊರಗೆ, ಬೇಲಿಯ ಹಿಂದೆ, ನೆಲಮಟ್ಟದಲ್ಲಿ ಮೊಬೈಲ್ ಇಟ್ಟು ಹಿಂಚಕ್ರದ ವೀಡಿಯೋ ಮಾಡಿ ನಿಧಾನಕ್ಕೆ ನೋಡಿ. ಶಾಕ್ ರಾಡ್ ಕಾಣೋ ಹಾಗಿದ್ದರೆ ಅದಕ್ಕೊಂದು ಪ್ಲಾಸ್ಟಿಕ್ ಟೈ ಕಟ್ಟಿ, ಎಷ್ಟು ಒಳಗೆ ಹೋಗಿತ್ತು ಅಂತ ಅದು ತಳ್ಳಿಕೊಂಡು ಹೋಗಿ ತೋರಿಸುತ್ತೆ.

ಎಡದಂಡೆ
ಎರೆ ನೆಲದಾಗ ವೃತ್ತ ಹಾಕಬ್ಯಾಡ್ರಿ ಮತ್ತ. ಬ್ಯಾಸಿಗಿ ಬಿರುಕಿನಾಗ ಚಕ್ರ ಹೋಗತೈತಿ, ಮಳಿ ಬಿದ್ರ ಗಾಡಿನೇ ಹೋಗತೈತಿ.

ಕೋಟೆಬಾಗಿಲು_34
ಕೊನೇದು. ಸ್ಟ್ರಾಪಿಗೆ ಹಳೇ ಸೀಟ್ ಬೆಲ್ಟ್ ನಡೀತೈತಾ?

ಗಿಣಿಗೇರಾ_ಲೇತ್
ಬಿಸಿಲಿಗೆ ಬಣ್ಣ ಹೋದದ್ದು ಬ್ಯಾಡ, ಎಳೆ ಸತ್ತಿರತೈತಿ. ಹೊಸ ನೈಲಾನ್ ಪಟ್ಟಿ ತಗೋರಿ, 45-50 ಮಿ.ಮೀ. ಅಗಲ, ಮೂರು ಪದರ. ಬೋಲ್ಟಿಗೆ ಕಾಯ್ಸಿದ ಮೊಳೆಯಿಂದ ತೂತು ಹಾಕಿ ಸುಮ್ನ ಬಿಟ್ರ ಹರೀತೈತಿ. ತುದಿ ಮಡಚಿ, ಎರಡೂ ಕಡೆ 3 ಮಿ.ಮೀ. ಪ್ಲೇಟ್ ಕೊಟ್ಟು ನಡುವ ಬಿಗೀರಿ. ಪ್ಲೇಟಿನ ಅಂಚು ಅರದಿಂದ ಉಜ್ಜಿ ದುಂಡಗ ಮಾಡ್ರಿ. ಸೈಲೆನ್ಸರ್ ಪೈಪಿಂದ ದೂರ ಇರಲಿ.

ಗರಸು_ಗಾಡಿ
ಹೊಲಿಗೆ? ಬಳ್ಳಾರಿನಾಗೆ ಜೀನ್ಸ್ ಹೊಲಿಯೋ ಮಷಿನ್‌ಗೆ ಏನ್ ಬರಾನಾ?

ಗಿಣಿಗೇರಾ_ಲೇತ್
ಜೀನ್ಸ್ ಮಷಿನ್ ಮೂರು ಪದರ ಎಳದ್ರೂ ಅದರ ದಾರ ಸಾಕಾಗಂಗಿಲ್ಲ. ಬ್ಯಾಗು, ಟಾರ್ಪಾಲ್ ಹೊಲಿಯೋರ ಹತ್ರ ಹೋಗಿ ನೈಲಾನ್ ದಾರದಾಗ ಉದ್ದಕ್ಕ ನಾಲ್ಕು ಸಾಲು ಹೊಲಿಸ್ರಿ. ಅಡ್ಡ ಹೊಲಿಗಿ ಬ್ಯಾಡ, ಪಟ್ಟಿ ಅಲ್ಲೇ ಕೊಯ್ದಂಗ ಹರೀತೈತಿ. ಪ್ರತಿ ಓಟದ ನಡುವ ಕೈ ಹಾಕಿ ಹೊಲಿಗಿ ನೋಡ್ರಿ, ಒಂದು ಸಾಲು ಬಿಚ್ಚಿದ್ರೂ ಬದಲಿಸ್ರಿ. ಜೋಡಿ ಎರಡು ಹೆಚ್ಚಿಗೆ ಮಾಡ್ಸಿಟ್ಕೋರಿ.